ಬಿಚ್ಚಿ ಕಟ್ಟಿದ ಕಲ್ಲು

ನಮ್ಮ ಆಸ್ಪರಿಯಿಂದ ಕಡಲು ಬಲು ದೂರ. ಮೂಡಣಕ್ಕೆ ಹೋದರೂ ಪಡುವಣಕ್ಕೆ ಹೋದರೂ ಸುಮಾರು ಮುನ್ನೂರು ಕಿಲೋಮೀಟರು ಕ್ರಮಿಸದೆ ಉಪ್ಪುನೀರಿನ ದರ್ಶನವಾಗದು. ಆದೋನಿಯಿಂದ ಗುಂತಕಲ್ಲಿನ ಕಡೆಗೆ ಸಾಗುವ ರೈಲಿನ ಕಿಟಕಿಯಿಂದ ನಮಗೆ ಕಾಣುವುದು ಎರೆಭೂಮಿ, ಹತ್ತಿಯ ಹೊಲ, ನಡುನಡುವೆ ಕಲ್ಲುಗುಡ್ಡ. ಇಂಥ ಊರಿನವನು ಹವಳದ ದಿಬ್ಬದ ವಿಷಯ ಬರೆಯಹೊರಟನೆಂದರೆ ವಾಚಕರು ಮುಗುಳ್ನಕ್ಕಾರು. ಆದರೂ ಈ ತಿಂಗಳು ಮನಸ್ಸಿನಲ್ಲಿ ನಿಂತಿರುವ ಸಂಗತಿ ಅದೇ. ಗಾಜಿನ ತೊಟ್ಟಿಯೊಳಗಿನ ಕಲ್ಲುಗಳನ್ನು ಬಿಚ್ಚಿ ಮತ್ತೆ ಕಟ್ಟಿದ ಒಂದು ಭಾನುವಾರದ ಕಥೆ ಇದು. ಅದರ ಮೂಲಕ ನಮ್ಮ ಊರುಗಳ ಹಳೆಯ ಬಾವಿಯೊಂದರ ನೆನಪೂ ಮೇಲೆದ್ದು ಬಂದುದರಿಂದ ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ನನ್ನ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ದೀಪಾವಳಿಗೆ ಎಂಬತ್ತು ದಾಟಿದ ನನ್ನ ತಾಯಿಯನ್ನು ಕರೆದುಕೊಂಡು ಅವನ ಮನೆಗೆ ಹೋಗಿದ್ದೆ. ಅವನ ಹಜಾರದಲ್ಲಿ ನಾಲ್ಕು ಅಡಿ ಉದ್ದದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿಯೊಂದಿದೆ. ಸುಮಾರು 250 ಲೀಟರು ನೀರು ಹಿಡಿಯುತ್ತದೆ. ಅದು ಸಾಮಾನ್ಯ ಮೀನಿನ ತೊಟ್ಟಿಯಲ್ಲ, ಕಡಲಿನ ತುಣುಕು. ಶುದ್ಧೀಕರಿಸಿದ ನೀರಿಗೆ ಲೀಟರೊಂದಕ್ಕೆ ಸುಮಾರು 35 ಗ್ರಾಂ ಕಡಲುಪ್ಪಿನ ಮಿಶ್ರಣವನ್ನು ಬೆರೆಸಬೇಕು; ಶಾಖ 25–26 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು; ಹಗಲಿರುಳು ಪಂಪು ಓಡುತ್ತ ನೀರನ್ನು ಕದಡುತ್ತಿರಬೇಕು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಇದನ್ನು ಕಂಡಿದ್ದರೆ ಮೂರನೆಯದಾಗಿ ಇದನ್ನೂ ಸೇರಿಸುತ್ತಿದ್ದರೇನೋ! ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಕೋಡಂಗಿ ಮೀನೆರಡು ಅದರಲ್ಲಿ ಆಡುತ್ತಿದ್ದವು. ನಾಲ್ಕು ವರ್ಷದ ನನ್ನ ಮೊಮ್ಮಗಳು ದಿನದ ಅರ್ಧ ಭಾಗವನ್ನು ಆ ಗಾಜಿಗೆ ಮೂಗು ಒತ್ತಿಕೊಂಡೇ ಕಳೆಯುತ್ತಾಳೆ.

ಇಂಥ ತೊಟ್ಟಿಯಲ್ಲಿ ಕಲ್ಲು ಬರಿಯ ಅಲಂಕಾರಕ್ಕಲ್ಲ. ಅದರ ಜೀವಾಳವೇ ಕಲ್ಲು. ಮೀನಿನ ಮಲಮೂತ್ರ, ತಿಂದು ಬಿಟ್ಟ ಆಹಾರ ಇವೆಲ್ಲ ಕೊಳೆತು ಅಮೋನಿಯವಾಗುತ್ತವೆ. ಅದು ಮೀನಿಗೆ ವಿಷ. ರಂಧ್ರಗಳುಳ್ಳ ಕಲ್ಲಿನ ಮೈಮೇಲೆ ನೆಲಸಿದ ಬ್ಯಾಕ್ಟೀರಿಯಗಳು ಈ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ, ಬಳಿಕ ಅಷ್ಟೊಂದು ಅಪಾಯಕಾರಿಯಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಕಲ್ಲಿನ ಒಳಗಡೆ, ಆಮ್ಲಜನಕ ಸರಿಯಾಗಿ ತಲುಪದ ಸಂದುಗಳಲ್ಲಿ ಬೇರೊಂದು ಜಾತಿಯ ಬ್ಯಾಕ್ಟೀರಿಯಗಳು ನೈಟ್ರೇಟನ್ನೂ ಒಡೆದು ಸಾರಜನಕವಾಗಿ ಹೊರಬಿಡುತ್ತವೆ. ಆದುದರಿಂದ ಕಲ್ಲನ್ನು ಕಲ್ಲೆಂದು ಭಾವಿಸಿ ನಲ್ಲಿಯ ಕೆಳಗೆ ತೊಳೆದವನು ತನ್ನ ತೊಟ್ಟಿಯ ಪೌರಕಾರ್ಮಿಕರನ್ನೆಲ್ಲ ಒಂದೇ ದಿನದಲ್ಲಿ ಕೊಂದಂತಾಗುತ್ತದೆ.

ಇಲ್ಲಿಯೇ ಒಂದು ಮಾತನ್ನು ಹೇಳಿಬಿಡಬೇಕು. ಕಡಲಿನಿಂದ ಹವಳವನ್ನು ಕಿತ್ತು ತರುವುದು ನಮ್ಮ ದೇಶದಲ್ಲಿ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಚ್ಛೇದಕ್ಕೆ 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳನ್ನೂ, ಕರಿಹವಳ, ಕಡಲ ಬೀಸಣಿಗೆ ಮೊದಲಾದವನ್ನೂ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ನೀರೊಳಗೆ ಹವಳಗಳಿವೆ. ಅವನ್ನು ಕಣ್ಣಿನಿಂದ ನೋಡಿ ಬರಬೇಕೇ ಹೊರತು ಕೈ ಹಚ್ಚಬಾರದು. ನನ್ನ ಮಗನ ತೊಟ್ಟಿಯಲ್ಲಿದ್ದುದು ಮನುಷ್ಯರು ಮಾಡಿದ ರಂಧ್ರಗಲ್ಲುಗಳು. ಅವುಗಳ ಮೇಲೆ ಅಂಗಿಯ ಗುಂಡಿಯಂತೆ ದುಂಡಗೆ, ಬಣ್ಣಬಣ್ಣವಾಗಿ ಅರಳುವ ಜೋವಾಂಥಿಡ್ ಎಂಬ ಮೆತ್ತನೆಯ ಜೀವಿಗಳ ಒಂದು ಗುಂಪನ್ನು ಅಂಗಡಿಯಿಂದ ತಂದು ಇರಿಸಿದ್ದ.

ಆ ಗುಂಪಿನೊಡನೆಯೇ ಪೀಡೆಯೂ ಮನೆಹೊಕ್ಕಿತು. ಅದಕ್ಕೆ ಐಪ್ಟೇಶಿಯಾ ಎಂದು ಹೆಸರು. ಒಂದೆರಡು ಅಂಗುಲಕ್ಕೆ ಮೀರದ, ಮಸುಕು ಕಂದುಬಣ್ಣದ, ಗಾಜಿನಂತೆ ಅರೆಪಾರದರ್ಶಕವಾದ ಕಡಲ ಅನಿಮೊನಿ ಅದು. ಮೊದಲು ಒಂದೇ ಒಂದು ಕಂಡಾಗ ಮನೆಮಂದಿಗೆಲ್ಲ ಸಂತೋಷವೇ ಆಯಿತಂತೆ: ಕಾಸು ಕೊಡದೆ ಒಂದು ಹೂ ಬಂತಲ್ಲ ಎಂದು! ಆದರೆ ಅದರ ಎಳೆಗಳ ತುಂಬ ವಿಷದ ಕುಟುಕು. ಪಕ್ಕದಲ್ಲಿ ಬೆಳೆಯುವ ಜೀವಿಗಳನ್ನು ಕುಟುಕಿ ಕುಗ್ಗಿಸುತ್ತ ತನ್ನ ಸಂಸಾರವನ್ನು ಹಬ್ಬಿಸುತ್ತದೆ. ಬುಡದಿಂದ ಕಡುಗಿರಿದಾದ ಚೂರೊಂದನ್ನು ಕಲ್ಲಿನ ಮೇಲೆ ಬಿಟ್ಟು ಸರಿದರೆ ಸಾಕು, ಆ ಚೂರು ಮತ್ತೊಂದು ಐಪ್ಟೇಶಿಯಾ ಆಗಿ ಬೆಳೆಯುತ್ತದೆ. ಹೊಲದಲ್ಲಿ ಗರಿಕೆಯನ್ನು ಕುಂಟೆಯಿಂದ ಕತ್ತರಿಸಿದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೆಣ್ಣು ಗೆಣ್ಣಿಗೂ ಒಂದು ಗಿಡವೇಳುತ್ತದೆ.

ಮಗನೂ ಮೊದಲು ರೈತನ ತಪ್ಪನ್ನೇ ಮಾಡಿದ. ಚಿಮಟಿಗೆಯಿಂದ ಕಿತ್ತ, ಒಂದಿದ್ದುದು ಐದಾಯಿತು. ಆಮೇಲೆ ಸುಣ್ಣವನ್ನು ಗಟ್ಟಿಯಾಗಿ ಕದಡಿ, ಸೂಜಿಯಿಲ್ಲದ ಸಿರಿಂಜಿನಿಂದ ಅದರ ಬಾಯಿಗೆ ಇಟ್ಟ. ಇದು ಒಳ್ಳೆಯ ಉಪಾಯವೇ. ಪಂಪುಗಳನ್ನು ಕೆಲವು ನಿಮಿಷ ನಿಲ್ಲಿಸಿ, ದಿನಕ್ಕೆ ಮೂರು ನಾಲ್ಕಕ್ಕೆ ಮಾತ್ರ ಹಾಕಿದರೆ ಅದು ಸಾಯುತ್ತದೆ. ಒಮ್ಮೆಗೇ ಹೆಚ್ಚು ಹಾಕಿದರೆ ನೀರಿನ ಕ್ಷಾರಗುಣ ಏರಿ ಮೀನಿಗೇ ಮಾರಕವಾದೀತು. ಆದರೆ ಮುಂದೆ ಕಾಣುವವನ್ನು ಕೊಂದಂತೆಲ್ಲ ಹಿಂದಿನಿಂದ ಹೊಸವು ಹಣಿಕಿದವು. ಇವನ್ನು ತಿನ್ನುವ ಒಂದು ಜಾತಿಯ ಸೀಗಡಿಯುಂಟೆಂದು ತಿಳಿದು ಮೂರನ್ನು ತಂದು ಬಿಟ್ಟ. ಅವು ಮೀನಿಗೆ ಹಾಕಿದ ಆಹಾರವನ್ನೇ ಉಂಡು, ಹೊಟ್ಟೆ ತುಂಬಿಸಿಕೊಂಡು, ಕಲ್ಲಿನ ಹಿಂದೆ ಅಡಗಿ ಕುಳಿತವು. ಬಿಟ್ಟಿ ಊಟವಿರುವಾಗ ದುಡಿಯುವವರು ಯಾರು?

ಈ ಗಲಾಟೆಯಲ್ಲಿ ನಿರಪರಾಧಿಯೊಂದು ಸಾಯುವುದರಲ್ಲಿತ್ತು. ಇರುಳಿನಲ್ಲಿ ಟಾರ್ಚು ಹಿಡಿದು ನೋಡಿದಾಗ ಮೈತುಂಬ ಬಿರುಗೂದಲಿನ ಹುಳವೊಂದು ಕಲ್ಲಿನ ಸಂದಿನಿಂದ ಹೊರಳಿತು. ಕಂಬಳಿಹುಳುವಿನ ದಾಯಾದಿಯಂತಿದ್ದ ಅದನ್ನು ಕಂಡು ಸೊಸೆ ಹೌಹಾರಿದಳು. ವಿಚಾರಿಸಿದಾಗ ತಿಳಿದುದು, ಅವುಗಳಲ್ಲಿ ಹೆಚ್ಚಿನವು ಕೊಳೆತುದನ್ನು ತಿಂದು ಚೊಕ್ಕಟ ಮಾಡುವ ಜಾತಿಯವೆಂದು. ಬರಿಗೈಯಿಂದ ಮುಟ್ಟಿದರೆ ಕೂದಲು ಚುಚ್ಚಿ ಉರಿಯುತ್ತದೆಯೆಂಬುದನ್ನು ಬಿಟ್ಟರೆ ಅವುಗಳಿಂದ ತೊಂದರೆ ಕಡಿಮೆ. ಅವು ಬಹಳವಾಗಿ ಕಂಡರೆ ಕಸ ಬಹಳವಾಗಿದೆಯೆಂದು ತಿಳಿಯಬೇಕು. ರೂಪವನ್ನು ನೋಡಿ ಶತ್ರುವೆಂದು ತೀರ್ಮಾನಿಸಬಾರದು, ಚೆಲುವನ್ನು ಕಂಡು ಬಂಧುವೆಂದೂ ನಂಬಬಾರದು. ಈ ತೊಟ್ಟಿಯಲ್ಲಿ ಹೂವಿನಂತಿದ್ದುದೇ ವೈರಿಯಾಗಿತ್ತು.

ನಿಜವಾದ ದೋಷ ಕಲ್ಲು ಜೋಡಿಸಿದ ಕ್ರಮದಲ್ಲಿತ್ತು. ಮೊದಲ ಉತ್ಸಾಹದಲ್ಲಿ ಮಗ ಸುಮಾರು ಮೂವತ್ತು ಕಿಲೋ ಕಲ್ಲನ್ನು ತಂದು, ಹಿಂದಿನ ಗಾಜಿಗೆ ಒರಗಿಸಿ, ಕೋಟೆಯ ಗೋಡೆಯಂತೆ ಪೇರಿಸಿದ್ದ. ಎದುರಿನಿಂದ ನೋಡಲು ಭವ್ಯವಾಗಿಯೇ ಇತ್ತು. ಆದರೆ ಗೋಡೆಯ ಹಿಂದೆ ನೀರು ಸುಳಿಯುತ್ತಿರಲಿಲ್ಲ. ಅಲ್ಲಿ ಕಸ ಕೂತು ಪಾಚಿ ಬೆಳೆಯಿತು. ಕಣ್ಣೂ ಹೋಗದ, ಕೈಯೂ ಹೋಗದ ಆ ಕತ್ತಲ ಓಣಿಯೇ ಐಪ್ಟೇಶಿಯಾದ ತವರಾಯಿತು. ಮುಂದೆ ಎಷ್ಟು ಸುಣ್ಣ ಹಾಕಿದರೇನು? ಕೊನೆಗೆ ಎಲ್ಲ ಕಲ್ಲುಗಳನ್ನೂ ಹೊರತೆಗೆದು, ಪೀಡೆ ಹತ್ತಿದ ಕಲ್ಲುಗಳನ್ನು ಕುದಿಸಿ, ಮತ್ತೆ ಜೋಡಿಸುವುದೆಂದು ನಿರ್ಧಾರವಾಯಿತು. ನಾವು ಹೋದುದು ಅದೇ ವಾರ.

ಶನಿವಾರ ರಾತ್ರಿ ಅಡುಗೆಮನೆಯ ದೊಡ್ಡ ಪಾತ್ರೆಯನ್ನು ಮಗ ಒಲೆಯ ಬಳಿ ತಂದಿಟ್ಟ. ನನ್ನ ತಾಯಿಗೂ ಅದು ಒಪ್ಪಿಗೆಯಾಯಿತು. “ಕುದಿಸು ಮಗಾ, ಕುದ್ದ ನೀರಾಗೆ ಯಾವ ಹುಳಾನೂ ಉಳಿಯಲ್ಲ” ಎಂದರು. ನನಗೂ ಹಾಗೆಯೇ ಅನಿಸಿತು. ಆದರೆ ಔಷಧಶಾಸ್ತ್ರ ಓದಿರುವ ಸೊಸೆ ಓಡಿಬಂದು ಒಲೆಯ ಕಿವಿಯನ್ನೇ ತಿರುಗಿಸಿ ಆರಿಸಿದಳು. “ಅಜ್ಜಿ, ಇದು ಮಾತ್ರ ಬೇಡ. ಈ ಕಲ್ಲಿನ ಆವಿ ಮನೆಯವರನ್ನೆಲ್ಲ ಆಸ್ಪತ್ರೆಗೆ ಸೇರಿಸುತ್ತದೆ” ಎಂದಳು.

ಅವಳ ಮಾತು ಅಕ್ಷರಶಃ ಸತ್ಯ. ಜೋವಾಂಥಿಡ್ ಜಾತಿಯ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷವಿರುತ್ತದೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ ಸುದ್ದಿಯನ್ನು ಪ್ರಕಟಿಸಿದರು. ಪ್ರಕೃತಿಯಲ್ಲಿ ಸಿಕ್ಕುವ ಅತ್ಯುಗ್ರ ವಿಷಗಳಲ್ಲಿ ಅದೂ ಒಂದು. ಕಾಯಿಸಿದರೆ ಅದು ಸುಲಭವಾಗಿ ನಾಶವಾಗುವುದಿಲ್ಲ. ಆವಿಯ ಹನಿಗಳೊಡನೆ ಗಾಳಿಗೆ ಸೇರಿ ಶ್ವಾಸಕೋಶವನ್ನು ಹೊಗುತ್ತದೆ. ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಇವು ಅದರ ಲಕ್ಷಣಗಳು. ಅಮೆರಿಕದ ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಅಂಗಡಿಯಲ್ಲಿಯೂ ಮನೆಗಳಲ್ಲಿಯೂ ಹೀಗೆ ಜನ ಅಸ್ವಸ್ಥರಾದ ಪ್ರಕರಣಗಳನ್ನು ಅಲ್ಲಿನ ಆರೋಗ್ಯ ಇಲಾಖೆಯವರು ದಾಖಲಿಸಿದ್ದಾರೆ. ಕಲ್ಲನ್ನು ಕುದಿಸುವುದು, ಬಿಸಿನೀರು ಸುರಿಯುವುದು, ಒಣಕಲ್ಲನ್ನು ಬ್ರಷ್ಷಿನಿಂದ ಉಜ್ಜುವುದು ಇವೆಲ್ಲವೂ ಅಪಾಯವೇ. ಮನೆಯಲ್ಲಿ ನಾಲ್ಕು ವರ್ಷದ ಮಗುವೊಂದು ನಿದ್ರಿಸುತ್ತಿತ್ತು. ಆ ರಾತ್ರಿ ಆ ಪಾತ್ರೆ ಒಲೆಯೇರಿದ್ದರೆ ಈ ಅಂಕಣವನ್ನು ನಾನು ಬೇರೆ ಮನಸ್ಸಿನಿಂದ ಬರೆಯಬೇಕಾಗುತ್ತಿತ್ತು.

ತಾಯಿ ಬಹಳ ಹೊತ್ತು ಮೌನವಾಗಿದ್ದರು. ಬಳಿಕ ಸೀರೆಯ ಅಂಚನ್ನು ತುಸು ಸರಿಸಿ, ಎಡಗಾಲಿನ ಹರಡಿನ ಮೇಲಿದ್ದ ಹಳೆಯ ಕಲೆಯೊಂದನ್ನು ಮೊಮ್ಮಗನಿಗೆ ತೋರಿಸಿದರು. “ಕಿತ್ತರೆ ಹೆಚ್ಚಾಗೋ ಹುಳ ನಂಗೆ ಹೊಸದಲ್ಲಪ್ಪಾ. ನಾರುಹುಣ್ಣು ಇದು” ಎಂದರು.

ಈ ಹೆಸರನ್ನು ನಮ್ಮ ಕಡೆಯ ಹಿರಿಯರು ಮರೆತಿರಲಾರರು. ಕಿರಿಯರು ಕೇಳಿಯೇ ಇರಲಾರರು. ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದುದು 1953ರ ಅಕ್ಟೋಬರಿನಲ್ಲಿ. ಆಗ ಹತ್ತು ವರ್ಷದ ಹುಡುಗಿಯಾಗಿದ್ದ ನನ್ನ ತಾಯಿಗೆ ರಾಜ್ಯ ಬದಲಾದುದು ತಿಳಿಯಲೇ ಇಲ್ಲವಂತೆ. ಕಾಲಿನಿಂದ ಹುಳು ಹೊರಬರುತ್ತಿದ್ದುದರಿಂದ ಎರಡು ತಿಂಗಳು ಅವರು ಜಗಲಿಯ ಮೇಲೆ ಮಲಗಿದ್ದರು. ದಾರದಂಥ ಬಿಳಿಯ ಹುಳು. ಹೆಣ್ಣುಹುಳು ಒಂದು ಮೀಟರಿನಷ್ಟು ಉದ್ದ ಬೆಳೆಯುವುದುಂಟು. ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೊಂದಿಷ್ಟು ಮಾತ್ರ ಎಳೆಯಬೇಕು. ಆತುರಪಟ್ಟು ಎಳೆದರೆ ಹುಳು ತುಂಡಾಗಿ, ಒಳಗುಳಿದ ಭಾಗದಿಂದ ಕಾಲೇ ಬಾತು ಕೀವಾಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥ ಕೆಲಸ. ಸುಗ್ಗಿಯ ಸಮಯದಲ್ಲಿ ಮನೆಯ ದುಡಿಯುವ ಕೈಗಳೇ ಹೀಗೆ ಮಲಗಿಬಿಟ್ಟರೆ ಆ ಸಂಸಾರದ ಪಾಡೇನು?

ಈ ಹುಳು ಬರುತ್ತಿದ್ದುದು ಬಾವಿಯಿಂದ. ನಮ್ಮ ಕಡೆ ಹಲವು ಊರುಗಳಲ್ಲಿ ನೀರಿನ ಅಂಚಿನವರೆಗೂ ಇಳಿದು ಹೋಗುವ ಕಲ್ಲಿನ ಪಾವಟಿಗೆಗಳುಳ್ಳ ಬಾವಿಗಳಿದ್ದವು; ತೆಲುಗಿನಲ್ಲಿ ದಿಗುಡು ಬಾವಿ ಎನ್ನುತ್ತಾರೆ. ಹುಣ್ಣಿನ ಉರಿ ತಾಳಲಾರದೆ ರೋಗಿ ಮೆಟ್ಟಿಲಿಳಿದು ಕಾಲನ್ನು ತಂಪು ನೀರಿಗಿಟ್ಟರೆ ಸಾಕು, ಹುಳು ತನ್ನ ಸಾವಿರಾರು ಮರಿಗಳನ್ನು ಆ ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ, ಸಾಸಿವೆಯ ಕಾಳಿನಷ್ಟೂ ದೊಡ್ಡದಲ್ಲದ ಜಲಜೀವಿ ಆ ಮರಿಗಳನ್ನು ನುಂಗುತ್ತದೆ. ಎರಡು ವಾರಗಳಲ್ಲಿ ಮರಿಗಳು ಒಳಗೆ ಬಲಿಯುತ್ತವೆ. ಅದೇ ಮೆಟ್ಟಿಲಿಳಿದು ಅದೇ ನೀರನ್ನು ಕೊಡಕ್ಕೆ ತುಂಬಿ ಕುಡಿದವನ ಹೊಟ್ಟೆಗೆ ಅವು ಸೇರುತ್ತವೆ. ಸುಮಾರು ಒಂದು ವರ್ಷದ ಮೇಲೆ ಅವನ ಕಾಲಿನಲ್ಲಿ ಬೊಬ್ಬೆಯೇಳುತ್ತದೆ. ಈ ವರ್ಷ ಕುಡಿದ ನೀರು ಬರುವ ವರ್ಷದ ಸುಗ್ಗಿಯಲ್ಲಿ ಹುಣ್ಣಾಗುತ್ತಿದ್ದುದರಿಂದ ನಮ್ಮ ಜನಕ್ಕೆ ಕಾರ್ಯಕಾರಣದ ಕೊಂಡಿಯೇ ಸಿಗುತ್ತಿರಲಿಲ್ಲ.

ಈ ರೋಗಕ್ಕೆ ಔಷಧವಿಲ್ಲ, ಲಸಿಕೆಯಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೂ ನಮ್ಮ ದೇಶದಿಂದ ಅದು ಹೋಯಿತು. ನಾರುಹುಣ್ಣಿನ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು 1983–84ರಲ್ಲಿ ಆರಂಭವಾಯಿತು. ಆಂಧ್ರ, ಕರ್ನಾಟಕ, ಮಹಾರಾಷ್ಟ್ರ, ರಾಜಸ್ಥಾನ ಮೊದಲಾದ ಏಳು ರಾಜ್ಯಗಳಲ್ಲಿ ರೋಗವಿತ್ತು. 1984ರಲ್ಲಿ ದೇಶದಲ್ಲಿ ಕಂಡುಬಂದ ರೋಗಿಗಳು ನಲವತ್ತು ಸಾವಿರದ ಸಮೀಪ. ನಮ್ಮ ಕರ್ನೂಲು ಜಿಲ್ಲೆಯೂ ಪೀಡಿತ ಜಿಲ್ಲೆಗಳಲ್ಲೊಂದು. ಕಾರ್ಯಕರ್ತರು ಮನೆಮನೆಗೆ ಹೋಗಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳಿದರು, ಬಾವಿಗೆ ಸೈಕ್ಲಾಪ್ಸನ್ನು ಕೊಲ್ಲುವ ಔಷಧ ಹಾಕಿದರು, ಕೈಪಂಪು ಹೂಡಿಸಿದರು. ಜೊತೆಗೆ, ಪಾವಟಿಗೆ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು. ಮೆಟ್ಟಿಲಿನ ದಾರಿಗೆ ಗೋಡೆಯೆತ್ತಿ, ಸುತ್ತ ಕಟ್ಟೆ ಕಟ್ಟಿ, ರಾಟೆ ಹೂಡಿದರು. ಮನುಷ್ಯನ ಕಾಲು ನೀರನ್ನು ಮುಟ್ಟುವ ದಾರಿಯೇ ಇಲ್ಲವಾಯಿತು. ಕೊನೆಯ ರೋಗಿ ಕಂಡುದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಅನಂತರವೂ ಕಣ್ಣಿಟ್ಟು ಕಾದರು. ಭಾರತ ನಾರುಹುಣ್ಣಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟುದು 2000ದ ಫೆಬ್ರವರಿಯಲ್ಲಿ.

ತಾಯಿಯ ತವರೂರಿನ ಬಾವಿಗೂ ಆ ಕಾಲದಲ್ಲಿಯೇ ಗೋಡೆ ಎದ್ದಿತು. “ಪಾವಟಿಗಿ ಮುಚ್ಚಿದಾಗ ಅತ್ತಿದ್ದೆ. ಆ ಮೆಟ್ಟಿಲ ಮ್ಯಾಲೆ ಕುಂತು ಹೆಂಗಸರೆಲ್ಲ ಕಷ್ಟಸುಖ ಮಾತಾಡ್ತಿದ್ವಿ. ಆದ್ರೆ ಆಮ್ಯಾಲೆ ನಮ್ಮೂರಾಗೆ ಒಂದು ಕೂಸಿಗೂ ಹುಳ ಬರಲಿಲ್ಲ” ಎಂದು ಹೇಳಿ, ಮೊಮ್ಮಗನ ತೊಟ್ಟಿಯತ್ತ ಬೆರಳು ಮಾಡಿ ಒಂದೇ ಪ್ರಶ್ನೆ ಕೇಳಿದರು: “ನೀನು ಕಲ್ಲು ಕಟ್ಟಿದ ಮ್ಯಾಲೆ ಆ ಹಿಂದಿನ ಮೂಲಿಗೆ ನಿನ್ನ ಕೈ ಹೋಗ್ತೈತೇನಪ್ಪಾ?”

ಆ ಪ್ರಶ್ನೆಯೇ ಮರುದಿನದ ಕೆಲಸಕ್ಕೆ ನಕ್ಷೆಯಾಯಿತು. ಹಿಂದಿನ ದಿನವೇ ಕದಡಿ ಇರಿಸಿದ್ದ ಉಪ್ಪುನೀರನ್ನು ಮೂರು ಪ್ಲಾಸ್ಟಿಕ್ ತೊಟ್ಟಿಗಳಿಗೆ ತುಂಬಿದರು. ಒಂದರಲ್ಲಿ ಮೀನು, ಸೀಗಡಿ. ಅದಕ್ಕೆ ಗಾಳಿಯ ಪಂಪು, ಶಾಖದ ಕೋಲು, ಮೀನು ಹಾರದಂತೆ ಮುಚ್ಚಳ. ಎರಡನೆಯದರಲ್ಲಿ ಜೋವಾಂಥಿಡ್ ಇದ್ದ ಕಲ್ಲು. ಅದನ್ನು ಉಜ್ಜಲಿಲ್ಲ, ಕೆರೆಯಲಿಲ್ಲ, ನೀರಿನಿಂದ ಹೊರಗೆ ಒಣಗಲೂ ಬಿಡಲಿಲ್ಲ. ಮೂರನೆಯದರಲ್ಲಿ ಉಳಿದ ಕಲ್ಲುಗಳು. ಕೈಗೆ ರಬ್ಬರಿನ ಗವಸು, ಕಣ್ಣಿಗೆ ಕನ್ನಡಕ, ಕಿಟಕಿಗಳೆಲ್ಲ ತೆರೆದಿದ್ದವು. ಮಗುವನ್ನು ಪಕ್ಕದ ಮನೆಗೆ ಕಳುಹಿಸಿದ್ದಾಯಿತು.

ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ಮೂರು ಪಾಲು ಮಾಡಿದರು. ಪೀಡೆಯಿಲ್ಲದವನ್ನು ಉಪ್ಪುನೀರಿನಲ್ಲೇ ಅದ್ದಿ ಅಲುಗಿಸಿ ಕಸ ಉದುರಿಸಿದರು. ನಲ್ಲಿಯ ನೀರು ತಾಗಿಸಲಿಲ್ಲ. ಒಂದೆರಡು ಐಪ್ಟೇಶಿಯಾ ಇದ್ದವಕ್ಕೆ ಸುಣ್ಣವಿಟ್ಟು ಬೇರೆ ಇರಿಸಿದರು. ಮೈತುಂಬ ಪೀಡೆ ಹತ್ತಿದ, ಜೋವಾಂಥಿಡ್ ಒಂದೂ ಇಲ್ಲದ ಹತ್ತು ಹನ್ನೆರಡು ಕಿಲೋ ಕಲ್ಲನ್ನು ಮಾಳಿಗೆಯ ಮೇಲೆ, ಮುಚ್ಚಳವುಳ್ಳ ತೊಟ್ಟಿಯ ಸಿಹಿನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಟ್ಟರು. ಕಡಲ ಜೀವಿಗೆ ಸಿಹಿನೀರೇ ಸಾಕು; ಬೆಂಕಿ ಬೇಕಿಲ್ಲ. ತೊಟ್ಟಿಯ ತಳದ ಮರಳಿನಲ್ಲಿ ಗೋಡೆಯ ಹಿಂದೆ ಕೂತಿದ್ದ ಕಪ್ಪು ಕೊಳೆಯನ್ನು ಕೊಳವೆಯಿಂದ ಹೀರಿ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಮನೆಯೆಲ್ಲ ಹರಡಿತು. ಎರಡು ವರ್ಷ ಹಜಾರದ ಅಲಂಕಾರವಾಗಿದ್ದುದರ ಬೆನ್ನಿನ ಸ್ಥಿತಿ ಅದು.

ಹೊಸ ಜೋಡಣೆಯಲ್ಲಿ ಗೋಡೆಯಿಲ್ಲ. ಹದಿನೆಂಟು ಕಿಲೋ ಕಲ್ಲಿನಿಂದ ಎರಡು ಪುಟ್ಟ ದ್ವೀಪಗಳಾದವು. ನಾಲ್ಕು ಕಡೆಯ ಗಾಜಿಗೂ ಕಲ್ಲಿಗೂ ನಡುವೆ ನಾಲ್ಕು ಅಂಗುಲದ ಓಣಿ. ಗಾಜು ಒರೆಸುವ ಕೈ ಸುತ್ತು ಹಾಕಿ ಬರಬಹುದು. ಬುಡದ ಕಲ್ಲುಗಳನ್ನು ಮರಳಿನ ಮೇಲಿಡದೆ, ಮರಳು ಸರಿಸಿ ತಳಕ್ಕೇ ಕೂಡಿಸಿ ಆಮೇಲೆ ಸುತ್ತ ಮರಳು ಹರಡಿದರು. ಹಾಗೆ ಮಾಡದಿದ್ದರೆ ಮರಳು ತೋಡುವ ಜೀವಿಗಳು ಬುಡ ಸಡಿಲಿಸಿ ಕಲ್ಲು ಉರುಳಿ ಗಾಜು ಒಡೆದೀತು. ಪ್ರತಿ ಕಲ್ಲೂ ಮೂರು ಬಿಂದುಗಳ ಮೇಲೆ ಅಲುಗದೆ ನಿಲ್ಲಬೇಕು. ಒಲೆಗೆ ಮೂರು ಗುಂಡು ಇಡುವ ನಮಗೆ ಇದರ ತತ್ತ್ವ ಗೊತ್ತಿದೆ. ಕಲ್ಲು ಕಲ್ಲಿನ ನಡುವೆ ನೀರು ನುಗ್ಗಿ ಹೊರಬರುವಂತೆ ಕಿಂಡಿ ಬಿಟ್ಟರು. ಜೋವಾಂಥಿಡ್ ಕಲ್ಲನ್ನು ಯಾವುದಕ್ಕೂ ತಾಗದಂತೆ ಮರಳಿನ ನಡುವೆ ಒಂಟಿಯಾಗಿ ಇಟ್ಟರು. ಬೇಕೆಂದಾಗ ಅದೊಂದನ್ನೇ ಎತ್ತಬಹುದು. ಸಂಜೆಯ ಹೊತ್ತಿಗೆ ಮೀನುಗಳು ಮನೆ ಸೇರಿದವು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕಲ್ಲು ಕಡಿಮೆಯಾದರೆ ಬ್ಯಾಕ್ಟೀರಿಯವೂ ಕಡಿಮೆಯಾದಂತೆಯೇ. ಆದುದರಿಂದ ಎರಡು ವಾರ ಅಮೋನಿಯವನ್ನು ದಿನವೂ ಪರೀಕ್ಷಿಸಿ, ಮೀನಿಗೆ ಆಹಾರವನ್ನು ಅರ್ಧಕ್ಕಿಳಿಸಿ, ಅಗತ್ಯ ಬಿದ್ದಾಗ ಹತ್ತರಲ್ಲೊಂದು ಪಾಲು ನೀರನ್ನು ಬದಲಾಯಿಸಿದ. ಮೂರನೆಯ ವಾರದಲ್ಲಿ ಐಪ್ಟೇಶಿಯಾ ಎರಡು ಮತ್ತೆ ತಲೆಯೆತ್ತಿದವು. ಮಗನ ದೂರವಾಣಿಯ ದನಿಯಲ್ಲಿ ನಿರಾಶೆಯಿತ್ತು. “ಕಾಣಿಸ್ತಲ್ಲ! ಕಾಣಿಸಿದ್ದು ಸುಣ್ಣಕ್ಕೆ ಸಿಗ್ತದೆ” ಎಂದರು ನನ್ನ ತಾಯಿ. ಈಗ ಪ್ರತಿ ಭಾನುವಾರ ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ, ಕಂಡ ಒಂದೆರಡಕ್ಕೆ ಸುಣ್ಣ. ಸೀಗಡಿಗಳಿಗೂ ಬಿಟ್ಟಿ ಊಟ ತಪ್ಪಿ, ತಮ್ಮ ಕೆಲಸ ನೆನಪಾದಂತಿದೆ. ಪೀಡೆ ನಿರ್ನಾಮವಾಯಿತೆಂದು ಹೇಳಲಾರೆ. ಅದಕ್ಕೆ ಅಡಗಲು ತಾಣವಿಲ್ಲವೆಂದು ಮಾತ್ರ ಹೇಳಬಲ್ಲೆ. ಮೊದಲಿನ ಕೋಟೆಯ ಭವ್ಯತೆ ಈಗಿಲ್ಲ. ಮೊಮ್ಮಗಳು “ಬೆಟ್ಟ ಎಲ್ಲಿ ಹೋಯ್ತು?” ಎಂದು ಎರಡು ದಿನ ಮುನಿಸಿಕೊಂಡಿದ್ದಳಂತೆ. ಬಾವಿಯ ಮೆಟ್ಟಿಲಿಗಾಗಿ ಅತ್ತ ಅವಳ ಮುತ್ತಜ್ಜಿಯ ನೆನಪಾಯಿತು. ಆರೋಗ್ಯಕ್ಕಾಗಿ ಚೆಲುವನ್ನು ಸ್ವಲ್ಪ ಬಿಟ್ಟುಕೊಡಬೇಕಾಗುವುದು ತೊಟ್ಟಿಗೂ ತಪ್ಪಲಿಲ್ಲ, ಊರಿಗೂ ತಪ್ಪಲಿಲ್ಲ.

ಪಟ್ಟಣಗಳಲ್ಲಿರುವ ನಮ್ಮವರ ಮಕ್ಕಳಲ್ಲಿ ಇಂಥ ತೊಟ್ಟಿಯ ಗೀಳು ಹಿಡಿದವರು ಇದ್ದಾರು. ಅವರಿಗಾಗಿ ಎರಡು ಮಾತು. ಅಂಗಡಿಯಿಂದ ಹೊಸದಾಗಿ ತಂದುದನ್ನು ನೇರವಾಗಿ ತೊಟ್ಟಿಗೆ ಬಿಡದೆ, ಕೆಲವು ವಾರ ಪ್ರತ್ಯೇಕ ಪಾತ್ರೆಯಲ್ಲಿರಿಸಿ ಬುಡ, ಬೆನ್ನು ಪರೀಕ್ಷಿಸಿರಿ; ಹವಳವೆಂದು ಕೊಟ್ಟರೆ ಅದು ಕಾಯಿದೆಗೆ ಒಳಪಟ್ಟುದೇ ಎಂದು ಮೊದಲು ವಿಚಾರಿಸಿರಿ. ಬೇಡವಾದ ಜೀವಿಯನ್ನು ಕೆರೆಗೋ ಹಳ್ಳಕ್ಕೋ ಸುರಿಯದಿರಿ. ಕಲ್ಲನ್ನು ಎಂದಿಗೂ ಕುದಿಸದಿರಿ.

ತೊಟ್ಟಿಯೇ ಇಲ್ಲದ ನಮ್ಮಂಥವರಿಗೂ ಇದರಲ್ಲಿ ಪಾಲಿದೆ. ನಮ್ಮ ಮನೆಗಳಲ್ಲಿ ಧಾನ್ಯದ ಮೂಟೆಗಳನ್ನು ಗೋಡೆಗೆ ಒತ್ತಿ ಪೇರಿಸುತ್ತೇವೆ. ಹಿಂದೆ ಇಲಿ ಸಂಸಾರ ಹೂಡಿದ ಮೇಲೆ ಪಾಷಾಣ ತರುತ್ತೇವೆ. ನೀರಿನ ತೊಟ್ಟಿಯನ್ನು ಕೈಯೆಟುಕದ ಮೂಲೆಯಲ್ಲಿ ಕಟ್ಟಿಸುತ್ತೇವೆ. ಸೊಳ್ಳೆ ಹೆಚ್ಚಾಯಿತೆಂದು ಪಂಚಾಯಿತಿಯನ್ನು ಬಯ್ಯುತ್ತೇವೆ. ಕೊಲ್ಲುವ ಔಷಧವನ್ನು ಹುಡುಕುವ ಮೊದಲು, ಕಣ್ಣೂ ಕೈಯೂ ಹೋಗದ ಜಾಗವನ್ನು ನಾವೇ ಕಟ್ಟಿ ಕೊಟ್ಟಿದ್ದೇವೆಯೇ ಎಂದು ಒಮ್ಮೆ ಬಗ್ಗಿ ನೋಡುವುದು ಮೇಲು.

ಊರಿಗೆ ಮರಳಿದ ಮರುದಿನ ತಾಯಿ ಕೋಲೂರಿಕೊಂಡು ಹಿತ್ತಿಲಿಗೆ ಹೋದರು. ಗೋಡೆಗೆ ಒರಗಿಸಿದ್ದ ಹಳೆಯ ಕಲ್ಲುಚಪ್ಪಡಿಗಳನ್ನು ತೋರಿಸಿ, “ಇವನ್ನ ಒಂದೀಟು ಮುಂದಕ್ಕ ಸರಿಸು. ಹಿಂದ ಏನೈತೋ ನೋಡಬೇಕು” ಎಂದರು. ಸರಿಸಿದೆ. ಎರಡು ಚೇಳಿದ್ದವು.